ಓಲಿವ್ ಬೆಡ್ಡೋಸ್ ಟೋಪಿ ತೆಗೆದ ದಿನ

ಓಲಿವ್ ಬೆಡ್ಡೋಸ್ ಅವರು ಹತ್ತೊಂಬತ್ತು ವರ್ಷ ಮಕ್ಕಳನ್ನು ಆರಿಸಿದರು. ಪ್ರತಿ ಜೂನ್ ತಿಂಗಳಲ್ಲಿ, ಕ್ಲನ್‌ಬ್ರೂಕ್ ಹಳ್ಳಿಯ ಸಭಾಭವನದಲ್ಲಿ, ಕಂದು ಕೋಟು ತೊಟ್ಟು, ಹಸಿರು ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕೈಯಲ್ಲಿ ಪಟ್ಟಿ ಹಿಡಿದು ನಿಲ್ಲುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಶಾಲೆಗಳಿಂದ ಬಂದ ಮಕ್ಕಳು ಎದುರಿನ ಗೋಡೆಗೆ ಸಾಲಾಗಿ ನಿಂತು, ಕೋಟಿನ ಗುಂಡಿಗೆ ಕಟ್ಟಿದ ಹೆಸರಿನ ಚೀಟಿಯನ್ನು ಬೆರಳಲ್ಲಿ ತಿರುವುತ್ತ, ತಮ್ಮನ್ನು ಯಾವ ಮನೆಯವರು ಕರೆದೊಯ್ಯುತ್ತಾರೆಂದು ಕಾಯುತ್ತಿದ್ದರು. ಇದು ಒಂದು ದಿನದ ಆಟ. ಬಾಂಬಿನ ಭಯಕ್ಕೆ ಪಟ್ಟಣದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಿದ ಆ ೧೯೩೯ರ ಸೆಪ್ಟೆಂಬರನ್ನು ಮಕ್ಕಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬದುಕಿ ನೋಡಿ, ಸಂಜೆಗೆ ಮನೆ ಸೇರುತ್ತಾರೆ.

ಓಲಿವ್ ಅವರಿಗೆ ಅದು ಆಟವಷ್ಟೇ ಆಗಿರಲಿಲ್ಲ ಎಂಬುದು ಹಳ್ಳಿಯವರಿಗೆಲ್ಲ ತಿಳಿದಿತ್ತು. ಅದೇ ಭವನದಲ್ಲಿ, ಅದೇ ಗೋಡೆಗೆ, ಆರು ವರ್ಷದ ಓಲಿವ್ ಹ್ಯಾಡ್ಲಿಯಾಗಿ ಅವರು ನಿಂತಿದ್ದರು. ದೃಢಕಾಯದ ಹುಡುಗರನ್ನು ರೈತರು ಮೊದಲು ಎತ್ತಿಕೊಂಡರು. ಗುಂಗುರು ಕೂದಲಿನ ಹುಡುಗಿಯರನ್ನು ಬಳಿಕ ಹೆಂಗಸರು. ಕೆಮ್ಮುತ್ತಿದ್ದ, ರೈಲಿನಲ್ಲಿ ಲಂಗ ಒದ್ದೆ ಮಾಡಿಕೊಂಡಿದ್ದ ಓಲಿವ್ ಒಬ್ಬಳೇ ಉಳಿದಳು. ಪಟ್ಟಿ ಹಿಡಿದ ಅಧಿಕಾರಿಣಿ ಅವಳನ್ನು ಮನೆಮನೆಗೆ ಕರೆದುಕೊಂಡು ಹೋಗಿ, ಏಳನೆಯ ಬಾಗಿಲಲ್ಲಿ ಮಿಸ್ ಗ್ವಾಟ್ಕಿನ್ ಎಂಬ ಅವಿವಾಹಿತೆಗೆ ಒಪ್ಪಿಸಿದರು. ಜೇನು ಸಾಕುತ್ತಿದ್ದ ಮಿಸ್ ಗ್ವಾಟ್ಕಿನ್ ತಮಗೆ ಮಕ್ಕಳು ಬೇಡವೆಂದು ಮೊದಲೇ ಬರೆದುಕೊಟ್ಟಿದ್ದರು. ಬಾಗಿಲು ತೆರೆದು, ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದೇ ಮಾತು ಹೇಳಿದರು: “ಕಾಲೊರಸ್ಕೊಂಡು ಒಳಗ್ ಬಾ.”

ಈ ಮಾತನ್ನು ಓಲಿವ್ ಅವರು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದರು. ಮುಂದಿನದನ್ನು ಹೇಳುತ್ತಿರಲಿಲ್ಲ. ಮರುವರ್ಷ ನವೆಂಬರಿನಲ್ಲಿ ಬಾಂಬು ಬಿದ್ದು, ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಅವರ ಬೀದಿಯ ಅರ್ಧ ಸಾಲು ಉರುಳಿತು. ತಾಯಿ ಅದರಡಿಯಲ್ಲಿ ತೀರಿಕೊಂಡರು. ಓಲಿವ್ ಆ ಹಳ್ಳಿಯಲ್ಲೇ ಬೆಳೆದು, ಅಲ್ಲಿಯ ಬೆಡ್ಡೋಸ್ ಎಂಬ ರೈಲ್ವೆ ಕೆಲಸಗಾರನನ್ನು ಮದುವೆಯಾಗಿ, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದರು. ಕೊನೆಗಾಲದಲ್ಲಿ ಮಿಸ್ ಗ್ವಾಟ್ಕಿನ್ ಅವರನ್ನು ನೋಡಿಕೊಂಡವರೂ ಅವರೇ. ಬರ್ಮಿಂಗ್‌ಹ್ಯಾಮ್ ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಎಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದಾಗ, “ಕೆಲ್ಸ ಬೀಳ್ಲಿಲ್ಲ” ಎಂದು ಲೋಟ ತೊಳೆಯತೊಡಗಿದರು.

ಆರಿಸುವ ವಿಷಯದಲ್ಲಿ ಅವರದೊಂದು ನಿಯಮವಿತ್ತು. ಮೂಲೆಯಲ್ಲಿ, ಎಲ್ಲರಿಗಿಂತ ಹಿಂದೆ, ತನ್ನ ಬೂಟನ್ನೇ ನೋಡುತ್ತ ನಿಂತ ಮಗುವನ್ನು ಮೊದಲು ಕರೆಯುವುದು. ಎಲ್ಲರಿಗಿಂತ ಮುಂದೆ ಎದೆಯುಬ್ಬಿಸಿ ನಿಂತವನನ್ನು ಕೊನೆಗೆ. ಆ ದಿನ ಮಕ್ಕಳನ್ನು ಹಳ್ಳಿಗೆ ತರುವ ಹಳೆಯ ಉಗಿರೈಲನ್ನು ನಡೆಸುವ ಸಂಘದವರೊಬ್ಬರು, ಇದು ಚರಿತ್ರೆಗೆ ಸರಿಹೊಂದುವುದಿಲ್ಲವೆಂದು ಆಕ್ಷೇಪಿಸಿದರಂತೆ. “ನಡೆದಿದ್ದು ಹೇಗೆ ಅಂತ ನಂಗೆ ಗೊತ್ತು ಕಣಪ್ಪ. ಅದು ಒಂದ್ ಸಲ ನಡೆದಿದ್ದೇ ಸಾಕು,” ಎಂದರಂತೆ ಓಲಿವ್.

ನಾನು ಒಂಬತ್ತು ವರ್ಷದ ಮಕ್ಕಳ ತರಗತಿಗೆ ಪಾಠ ಹೇಳುವವಳು. ಹನ್ನೊಂದು ಸಲ ಮಕ್ಕಳನ್ನು ಕ್ಲನ್‌ಬ್ರೂಕಿಗೆ ಕರೆದೊಯ್ದಿದ್ದೇನೆ; ಹನ್ನೊಂದರ ವಿವರವೂ ನನ್ನ ದಿನಚರಿಗಳಲ್ಲಿದೆ. ಆದರೆ ೨೦೧೪ರ ಜೂನ್ ಹನ್ನೆರಡರ ಪುಟದಲ್ಲಿ ಬೆಳಗಿನ ಭಾಗವನ್ನು ಒಬ್ಬಳು ಬರೆದು ಸಂಜೆಯ ಭಾಗವನ್ನು ಬೇರೊಬ್ಬಳು ಬರೆದಂತಿದೆ. ಬೆಳಿಗ್ಗೆ ಬರೆದದ್ದು ಇಷ್ಟು: “ಗುರುವಾರ. ತುಂತುರು ಮಳೆ. ಇಪ್ಪತ್ತೇಳು ಮಕ್ಕಳು, ಒಬ್ಬ ಸೀತಾಳೆ ಸಿಡುಬಾಗಿ ಬಂದಿಲ್ಲ. ಎಲ್ಲರೂ ಪಾತ್ರದಲ್ಲಿ ಚೆನ್ನಾಗಿ ಮುಳುಗಿದ್ದಾರೆ.”

ಮುಳುಗಿಸಿದವಳು ನಾನೇ. ಎರಡು ವಾರ ಮೊದಲು ಮನೆಗಳಿಗೆ ಪತ್ರ ಕಳುಹಿಸಿದ್ದೆ: ಒಂದು ಚಿಕ್ಕ ಪೆಟ್ಟಿಗೆ, ಅದರಲ್ಲಿ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಇಷ್ಟದ ಒಂದು ಆಟಿಕೆ. ಆ ದಿನ ಬೆಳಿಗ್ಗೆ ತರಗತಿಯ ಪರದೆಗಳನ್ನು ಎಳೆದು, ತಗ್ಗಿದ ದನಿಯಲ್ಲಿ ಹೇಳಿದೆ: “ಮಕ್ಕಳೇ, ಇವತ್ತು ನೀವು ಮನೆ ಬಿಟ್ಟು ಹೊರಡ್ತಿದೀರಿ. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ. ಯಾವಾಗ ವಾಪಸ್ ಬರ್ತೀರೋ, ಅದೂ ಯಾರಿಗೂ ಗೊತ್ತಿಲ್ಲ.” ಪಾತ್ರವನ್ನು ಸಂಜೆಯವರೆಗೆ ಯಾರೂ ಬಿಡಬಾರದೆಂಬುದು ಆ ದಿನದ ಕಟ್ಟಳೆ. ಶಿಕ್ಷಕರಿಗೂ ಅದೇ.

ಬಸ್ಸಿನ ಬಳಿ ಒಬ್ಬ ಹುಡುಗಿ ನನ್ನ ತೋಳು ಹಿಡಿದಳು. ಅವಳನ್ನು ಇಲ್ಲಿ ಟೀಗನ್ ಎನ್ನುತ್ತೇನೆ. ಹೆತ್ತವರ ಬಳಿ ಇರಲಾಗದೆ ಐದನೆಯ ವಯಸ್ಸಿನಿಂದ ಸರಕಾರ ಗೊತ್ತುಮಾಡಿದ ಸಾಕುಮನೆಗಳಲ್ಲಿ ಬೆಳೆದವಳು. ಜನವರಿಯಿಂದ ಆಸ್ಪತ್ರೆಯೊಂದರ ಅಡುಗೆಯವರಾದ ಕ್ಲೋಡೆಟ್ ಪಿನ್ನಾಕ್ ಅವರ ಮನೆಯಲ್ಲಿದ್ದಳು. ಅದು ಅವಳ ನಾಲ್ಕನೆಯ ಮನೆ.

“ಮಿಸ್, ಆಂಟಿ ಕ್ಲೋಗೆ ಇದು ಗೊತ್ತಾ?”

“ಗೊತ್ತಮ್ಮ.”

“ಸಹಿ ಹಾಕಿದ್ರಾ?”

“ಹಾಕಿದಾರೆ. ಎಲ್ಲಾರ ಮನೆಯಿಂದಾನೂ ಸಹಿ ಬಂದಿದೆ.”

ಅವಳು ತಲೆಯಾಡಿಸಿ ಮೆಟ್ಟಿಲು ಹತ್ತಿದಳು. ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಬೇಕಾಯಿತು. ಅದನ್ನೂ ನಾನು ಗಮನಿಸಿ, ಗುರುತು ಹಾಕಿಕೊಂಡೆ. ಪೆಟ್ಟಿಗೆ ಕಟ್ಟು ಎಂದಾಗಲೆಲ್ಲ, ದೊಡ್ಡವರು ಎಲ್ಲೋ ಸಹಿ ಹಾಕಿದಾಗಲೆಲ್ಲ, ಅವಳ ಮನೆ ಬದಲಾಗಿತ್ತು. ಇಂದೂ ಬದಲಾಗುತ್ತಿದೆಯೆಂದೇ ಅವಳು ನಂಬಿದಳು. ಅದು ನನಗೆ ತಿಳಿಯಲು ಇನ್ನೂ ಮೂರು ಗಂಟೆ ಬೇಕಾಯಿತು.

ಬಸ್ಸಿನಿಂದಿಳಿದ ಮೇಲೆ, ಉಗಿಬಂಡಿಯಲ್ಲಿ ಹನ್ನೊಂದು ಮೈಲಿ. ಕಾಗದದಲ್ಲಿ ಸುತ್ತಿದ ಮೀನು ಸವರಿದ ಬ್ರೆಡ್ಡು ಎಲ್ಲರಿಗೂ ಹಂಚಿದೆ.

“ಮಿಸ್, ಇದು ನಮ್ಮ ಬೆಕ್ಕಿನ ಊಟದ ಥರ ವಾಸ್ನೆ ಬರ್ತಿದೆ,” ಎಂದ ಹಾರಿಸ್ ಮಿರ್ಜಾ. ತರಗತಿಯ ಅರ್ಧ ಗದ್ದಲ ಅವನದೇ.

“ನಿಂಗೆ ಹೇಗೋ ಗೊತ್ತು, ತಿಂದಿದೀಯಾ?” ಎಂದು ಪಕ್ಕದವಳು ಕುಟುಕಿದಳು.

ಟೀಗನ್ ತನ್ನ ಬ್ರೆಡ್ಡನ್ನು ತಿನ್ನದೆ ಮತ್ತೆ ಮಡಿಸಿ ಜೇಬಿನಲ್ಲಿಟ್ಟುಕೊಂಡಳು. ಪಾತ್ರವನ್ನು ಎಷ್ಟು ಚೆನ್ನಾಗಿ ನಿಭಾಯಿಸುತ್ತಿದ್ದಾಳೆ ಎಂದುಕೊಂಡೆ. ನಾಚಿಕೆಯಿಲ್ಲದೆ ಈ ವಾಕ್ಯವನ್ನೂ ಬರೆದಿಟ್ಟಿದ್ದೇನೆ.

ಭವನದಲ್ಲಿ ಎಲ್ಲವೂ ಎಂದಿನಂತೆ ಆರಂಭವಾಯಿತು. ರೈತನ ಪಾತ್ರದ ಕ್ಲೆಮ್ ಹಿಗ್ಗಿನ್ಸ್ ಎಂಬ ಮುದುಕರು ಹುಡುಗರ ತೋಳು ಹಿಸುಕುತ್ತ ಬಂದು ಹಾರಿಸ್ ಮುಂದೆ ನಿಂತರು.

“ಏನಪ್ಪಾ, ಈ ತೋಳಲ್ಲಿ ನೀನು ಆಲೂಗಡ್ಡೆ ಕೀಳ್ತೀಯೋ, ಇಲ್ಲಾ ಆಲೂಗಡ್ಡೆನೇ ನಿನ್ನ ಮಣ್ಣೊಳಕ್ಕೆ ಎಳ್ಕೊಳ್ಳುತ್ತೋ?”

“ನಂಗೆ ಬೆನ್ನುನೋವು ತಾತ. ಡಾಕ್ಟರ್ ಚೀಟಿ ಕೊಟ್ಟಿದಾರೆ.”

“ನಮ್ಮೂರಲ್ಲಿ ನಿಂಗೂ ಹಂದಿಗೂ ಒಬ್ರೇ ಡಾಕ್ಟ್ರು. ನಡಿ.”

ಮಕ್ಕಳು ನಗುತ್ತಿರುವಾಗ ಓಲಿವ್ ಅವರ ಕಣ್ಣು, ಅಭ್ಯಾಸದಂತೆ, ಮೂಲೆಗಳನ್ನು ಹುಡುಕುತ್ತಿತ್ತು. ಟೀಗನ್ ಬೂಟು ನೋಡುತ್ತಿರಲಿಲ್ಲ. ಅವಳು ಹಸಿರು ಟೋಪಿಯನ್ನೇ ನೋಡುತ್ತಿದ್ದಳು, ಮೇಷ್ಟರ ಕೈಯ ಫಲಿತಾಂಶದ ಹಾಳೆ ನೋಡುವಂತೆ.

“ನೀನು ಬಾ ಪುಟ್ಟಿ, ಮೊದ್ಲು,” ಎಂದರು ಓಲಿವ್. ಆರಿಸಿದ ಮೇಲೆ ಪೆಟ್ಟಿಗೆ ತೆರೆಸಿ, ಪತ್ರದಲ್ಲಿದ್ದ ವಸ್ತುಗಳಿವೆಯೇ ಎಂದು ನೋಡುವುದು ಅಧಿಕಾರಿಣಿಯ ಪಾತ್ರದ ಓಲಿವ್ ಅವರ ಕೆಲಸ. ಟೀಗನ್ ಎರಡೂ ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದಳು.

“ಆ ಮನೆಗೆ ಹೋದ್ಮೇಲೆ ತೆಗೀತೀನಿ.”

“ಒಂಚೂರು ನೋಡಿಬಿಡ್ತೀನಿ ಕಂದ. ಪಟ್ಟೀಲಿ ಗುರುತು ಹಾಕ್ಬೇಕಲ್ಲ.”

ಓಲಿವ್ ಅವರ ಮಂಡಿ ಬಗ್ಗುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೆರೆದರು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಜೂನ್ ತಿಂಗಳಿನಲ್ಲಿ ಚಳಿಗಾಲದ ದಪ್ಪ ಕೋಟು, ನಾಲ್ಕು ಮಡಿಕೆಯಾಗಿ. ಮನೆಯೊಳಗೆ ಹಾಕುವ ಚಪ್ಪಲಿ. ಶಾಲೆಯ ಎರಡು ಸ್ವೆಟರು. ಇಪ್ಪತ್ತೈದು ಮೀಟರು ಈಜಿದ್ದಕ್ಕೆ ಕೊಟ್ಟ ಪ್ರಮಾಣಪತ್ರ, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಹುಟ್ಟುಹಬ್ಬದ ಒಂದು ಕಾರ್ಡು. ಕಾಲುಚೀಲಗಳೆಲ್ಲ ಜೋಡಿಜೋಡಿಯಾಗಿ ಸುತ್ತಿದ್ದವು. ಎಲ್ಲದರ ಮೇಲೆ, ಕರವಸ್ತ್ರದಲ್ಲಿ ಸುತ್ತಿದ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅನಾನಸಿನ ಆಕಾರದ ಒಂದು ಅಯಸ್ಕಾಂತ.

“ಅದು ಆಂಟಿ ಕ್ಲೋದು,” ಎಂದಳು ಟೀಗನ್. “ಕದ್ದಿಲ್ಲ. ನೆನಪಿಗೆ ಅಷ್ಟೇ.”

ಓಲಿವ್ ಅವರ ಬೆರಳು ನಿಂತಿತು. “ಇದನ್ನೆಲ್ಲಾ ತುಂಬಿದ್ದು ಯಾರು?”

“ನಾನೇ. ಬೆಳಿಗ್ಗೆ ಐದಕ್ಕೆ ಎದ್ದು. ನಂಗೆ ಬರುತ್ತೆ ಪ್ಯಾಕ್ ಮಾಡೋಕೆ.”

“ಎಲ್ಲಿಗ್ ಹೋಗ್ತಿದೀಯ ಅಂದ್ಕೊಂಡೆ?”

“ನೀವ್ ಹೇಳ್ಬೇಕು. ನೀವ್ ತಾನೇ ಆರ್ಸೋದು.” ಆಮೇಲೆ, ದನಿ ತಗ್ಗಿಸಿ: “ಇದು ಎರಡು ದಿನಕ್ಕಾ? ಇಲ್ಲಾ ಯಾವಾಗ್ಲೂನಾ?”

ಪತ್ರ, ಪರದೆ, ತಗ್ಗಿದ ದನಿ, ಸಹಿ: ಎಲ್ಲವೂ ಒಂದರ ಹಿಂದೆ ಒಂದು ನನ್ನ ಕಣ್ಣೆದುರು ಬಂದು ನಿಂತವು. ನಾನು ಬಾಯಿ ತೆರೆಯುವ ಮುನ್ನ ಓಲಿವ್ ಟೋಪಿಯನ್ನು ತೆಗೆದರು. ಹತ್ತೊಂಬತ್ತು ವರ್ಷಗಳಲ್ಲಿ ಮಕ್ಕಳ ಮುಂದೆ ಅವರು ಅದನ್ನು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಒಳಗಿನ ಬಿಳಿ ಕೂದಲು ಎಷ್ಟು ತೆಳ್ಳಗಿತ್ತೆಂದರೆ ನೆತ್ತಿ ಕಾಣುತ್ತಿತ್ತು.

“ಕ್ಲೆಮ್, ಆ ಕಡೆ ನೀನೇ ನೋಡ್ಕೋ,” ಎಂದು ಕೂಗಿ, ಹುಡುಗಿಯ ಕಡೆ ತಿರುಗಿದರು. “ಇಲ್ಲಿ ಕೇಳು. ಇದು ಆಟ. ನಾನು ಯಾರನ್ನೂ ಆರ್ಸಲ್ಲ. ನಾನು ಅಡುಗೆಮನೇಲಿ ಪುಡ್ಡಿಂಗ್ ಕಲಸ್ತಿದ್ದ ಓಲಿವ್. ಸಾಯಂಕಾಲ ಐದಕ್ಕೆ ನೀನು ನಿನ್ನ ಆಂಟಿ ಹತ್ರ.”

ಟೀಗನ್ ಸೌಜನ್ಯದಿಂದ ತಲೆಯಾಡಿಸಿದಳು. “ಎಲ್ರೂ ಹಾಗೇ ಹೇಳ್ತಾರೆ.”

“ನಿಜ ಟೀಗನ್,” ಎಂದೆ ನಾನು. ಅವಳು ನನ್ನ ಕಡೆ ನೋಡಲೂ ಇಲ್ಲ. ಬೆಳಿಗ್ಗೆ, ಯಾವಾಗ ವಾಪಸ್ ಬರುತ್ತೀರೆಂದು ಯಾರಿಗೂ ಗೊತ್ತಿಲ್ಲ ಎಂದಿದ್ದವಳು ನಾನೇ. ನನ್ನ ಮಾತಿನ ಬೆಲೆ ಅಲ್ಲಿಗೇ ಮುಗಿದಿತ್ತು. ಹೊರಗೆ ಹೋಗಿ ಕ್ಲೋಡೆಟ್ ಅವರಿಗೆ ಫೋನು ಮಾಡಿದೆ. ಅಡುಗೆಯ ಪಾಳಿಯಲ್ಲಿ ಅವರು ಫೋನು ಎತ್ತುವುದಿಲ್ಲ. ಟೀಗನ್ ಕ್ಷೇಮ, ದಯವಿಟ್ಟು ಐದಕ್ಕೆ ತಾವೇ ಶಾಲೆಯ ಗೇಟಿಗೆ ಬನ್ನಿ ಎಂದು ದನಿಸಂದೇಶ ಬಿಟ್ಟು ಒಳಬಂದೆ.

ಬಂದಾಗ ಓಲಿವ್ ಹೇಳುತ್ತಿದ್ದರು: “ನಂಬ್ಬೇಡ ಬಿಡು. ನಾನೂ ನಂಬ್ತಿರ್ಲಿಲ್ಲ. ಭಾನುವಾರ ಕರ್ಕೊಂಡ್ ಬರ್ತೀನಿ ಅಂದಿದ್ರು ನಮ್ಮಮ್ಮ. ಹೇಳ್ದಾಗ ಅವ್ರು ಸುಳ್ ಹೇಳಿರ್ಲಿಲ್ಲ, ಆದ್ರೆ ಹಾಗ್ ಆಗ್ಲಿಲ್ಲ. ಅದಕ್ಕೇ ಮಾತು ಬೇಡ. ನಾನೇ ನಿನ್ ಜೊತೆ ಬಸ್ಸಲ್ಲಿ ಬರ್ತೀನಿ. ಗೇಟ್ ಹತ್ರ ನಿಮ್ಮಾಂಟಿ ಇದ್ರೆ ಸರಿ. ಇಲ್ದಿದ್ರೆ ಬರೋವರ್ಗೂ ನಾನೂ ನಿಂತಿರ್ತೀನಿ.”

“ರಾತ್ರಿ ಆದ್ರೆ?”

“ನಂಗೆ ಯಾವ ಅರ್ಜೆಂಟೂ ಇಲ್ಲ. ಎಂಬತ್ತೊಂದು ವರ್ಷ ನಂಗೆ.”

ಕ್ಲೆಮ್ ಹತ್ತಿರ ಬಂದು ಪಿಸುಗುಟ್ಟಿದರು: “ಓಲಿವ್, ಆ ಊರಿಗಾ? ನೀನಾ?”

“ಯಾಕೆ, ಬಸ್ಸಿಗೆ ಚಕ್ರ ಇಲ್ವಾ?” ಎಂದರು ಓಲಿವ್. ಟೋಪಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡರು.

ಉಳಿದ ಮಕ್ಕಳಿಗೆ ಆಟ ಮುಂದುವರಿಯಿತು. ಹೊಸ ವಿಳಾಸವನ್ನು ಮನೆಗೆ ತಿಳಿಸುವ ಪೋಸ್ಟ್‌ಕಾರ್ಡು ಬರೆಯುವುದು ಕೊನೆಯ ಕೆಲಸ. ೧೯೩೯ರಲ್ಲಿ ತಲುಪಿದ ದಿನವೇ ಪ್ರತಿ ಮಗುವೂ ಅದನ್ನು ಬರೆಯಬೇಕಿತ್ತು. ಟೀಗನ್ ವಿಳಾಸದ ಜಾಗವನ್ನು ಖಾಲಿ ಬಿಟ್ಟು, “ನಾನು ಬಂದಿದ್ದೀನಿ. ಇನ್ನೂ ಗೊತ್ತಿಲ್ಲ” ಎಂದಷ್ಟೇ ಬರೆದಳು. ಓಲಿವ್ ಅದನ್ನು ಓದಿದರು. ತಿದ್ದಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಮುಂದಿನ ಸೀಟಿನಲ್ಲಿ ಕುಳಿತರು. ನಾನು ಅವರ ಹಿಂದೆ. ಪೆಟ್ಟಿಗೆಯನ್ನು ಕೆಳಗಿಡಲು ಟೀಗನ್ ಒಪ್ಪಲಿಲ್ಲ, ತೊಡೆಯ ಮೇಲೇ ಇರಿಸಿಕೊಂಡಳು. ಅರ್ಧ ದಾರಿ ಸಾಗಿತು. ಆಮೇಲೆ ಸಣ್ಣ ದನಿ:

“ಅನಾನಸ್ ತಂದುಬಿಟ್ನಲ್ಲ. ಅದ್ರಲ್ಲಿ ಸಿಕ್ಸಿದ್ದ ಚೀಟಿ ಎಲ್ಲಾ ಬಿದ್ದೋಗಿರುತ್ತೆ.”

“ಏನ್ ಚೀಟಿ?”

“ನಂದು. ಈಜಿನ ಕ್ಲಾಸ್ ಯಾವಾಗ, ಹಲ್ಲಿನ ಡಾಕ್ಟ್ರು ಯಾವಾಗ ಅಂತ.”

“ಹಂಗಾರೆ ಬೈಸ್ಕೋತೀಯ.”

“ಆಂಟಿ ಕ್ಲೋ ಜೋರಾಗ್ ಬೈತಾರೆ.”

“ಮಿಸ್ ಗ್ವಾಟ್ಕಿನ್ ಮೂರ್ ದಿನ ನಂಗೆ ಏನೂ ಅನ್ಲಿಲ್ಲ. ತಟ್ಟೆ ಒಡೆದ್ರೂ ಸುಮ್ನಿದ್ರು. ನಾಲ್ಕನೇ ದಿನ ಜೇನುಗೂಡಿಗೆ ಕಲ್ ಹೊಡ್ದೆ ಅಂತ ಬೈದ್ರು ನೋಡು, ಇಡೀ ಬೀದಿಗೆ ಕೇಳೋ ಹಾಗೆ. ಅವತ್ತು ನಂಗೆ ಗಡದ್ದಾಗಿ ನಿದ್ದೆ ಬಂತು.”

ಟೀಗನ್ ಯೋಚಿಸಿದಳು. ಆಮೇಲೆ ಜೇಬಿನಿಂದ ಮೀನಿನ ಬ್ರೆಡ್ಡು ತೆಗೆದು, ಎರಡು ಭಾಗ ಮಾಡಿ, ಒಂದನ್ನು ಓಲಿವ್ ಅವರಿಗೆ ಕೊಟ್ಟಳು. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ತಿಂದರು. ಗದ್ದೆಗಳು ಮುಗಿದು ಗೋದಾಮುಗಳು ಶುರುವಾದಾಗ ಓಲಿವ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆದರೆ ಪೆಟ್ಟಿಗೆಯ ಹಿಡಿಕೆಯ ಮೇಲೆ, ಹುಡುಗಿಯ ಕೈಯ ಪಕ್ಕದಲ್ಲಿ, ತಮ್ಮ ಕೈಯನ್ನೂ ಇಟ್ಟರು.

ಸೇರುವಾಗ ಐದು ಗಂಟೆ ಇಪ್ಪತ್ತೆರಡು ನಿಮಿಷ. ರಸ್ತೆಯಲ್ಲಿ ಕಾಮಗಾರಿ ನಡೆದಿತ್ತು. ಗೇಟಿನ ಬಳಿ ಕೊಡೆಗಳ ಗುಂಪು. ಮಕ್ಕಳು ಕಿಟಕಿಗೆ ಮುಖ ಒತ್ತಿ ತಮ್ಮವರನ್ನು ಕೂಗತೊಡಗಿದರು. ಟೀಗನ್ ಕೂಗಲಿಲ್ಲ. ಒಂದೊಂದು ಕೊಡೆಯ ಕೆಳಗೂ ನೋಡಿದಳು. ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಕ್ಲೋಡೆಟ್ ಇರಲಿಲ್ಲ.

“ಇರ್ಲಿ,” ಎಂದಳು ಅವಳು, ಯಾರನ್ನೋ ಸಮಾಧಾನ ಮಾಡುವಂತೆ.

“ಇರ್ಲಿ,” ಎಂದರು ಓಲಿವ್. “ನಿಂತ್ಕೊಳ್ಳೋಣ. ಹೇಳಿದ್ನಲ್ಲ.”

ಒಬ್ಬೊಬ್ಬರೇ ಇಳಿದರು. ಹಾರಿಸ್‌ನನ್ನು ಅವನ ಅಜ್ಜಿ ಕಿವಿ ಹಿಡಿದು ಕರೆದೊಯ್ದರು. ಬಸ್ಸಿನಲ್ಲಿ ಮೂವರೇ ಉಳಿದಾಗ, ಬೀದಿಯ ತಿರುವಿನಿಂದ, ಅಡುಗೆಮನೆಯ ಬಿಳಿ ಅಂಗಿಯಲ್ಲಿ, ತಲೆಯ ಬಲೆಯನ್ನೂ ತೆಗೆಯದೆ, ದಪ್ಪ ಮೈಯನ್ನು ಹೊತ್ತು ಒಬ್ಬ ಹೆಂಗಸು ಓಡುತ್ತ ಬಂದರು. ಗೇಟಿಗೆ ಇನ್ನೂ ಐವತ್ತು ಗಜ ಇರುವಾಗಲೇ ದನಿ ತಲುಪಿತು.

“ಟೀಗನ್! ಎಲ್ಲೇ ನನ್ ಅನಾನಸ್ಸು? ಪಾಳಿ ಮುಗ್ಸಿ ಮನೆಗ್ ಬಂದ್ರೆ ನಿನ್ ಚೀಟಿ ಎಲ್ಲಾ ನೆಲದ್ ಮೇಲೆ! ಬೀರು ತೆಗೀತೀನಿ, ಒಂದ್ ಕಾಲ್ಚೀಲ ಇಲ್ಲ! ಒಂದ್ ದಿನದ್ ಟ್ರಿಪ್ಪಿಗೆ ಚಳಿಗಾಲದ್ ಕೋಟು ಯಾರಾದ್ರೂ ತಗೊಂಡ್ ಹೋಗ್ತಾರೇನೇ? ನನ್ ಎದೆ ಒಡೆದ್ ಹೋಯ್ತು ಕಣೇ, ಗೊತ್ತಾ ನಿಂಗೆ?”

ಟೀಗನ್ ಮೆಟ್ಟಿಲನ್ನು ಇಳಿದಳೋ ಹಾರಿದಳೋ ನಾನು ಹೇಳಲಾರೆ. ಅನಾನಸು ಮುಷ್ಟಿಯಲ್ಲಿತ್ತು. ಕ್ಲೋಡೆಟ್ ಬೈಯುತ್ತಲೇ ಅವಳನ್ನು ಎತ್ತಿಕೊಂಡರು, ಒಂಬತ್ತು ವರ್ಷದವಳನ್ನು. ಬೈಗುಳ ಅವಳ ಕೂದಲಿನೊಳಗೆ ಹೂತು ಕೇಳಿಸದಾಯಿತು.

ಪೆಟ್ಟಿಗೆ ಸೀಟಿನ ಮೇಲೆಯೇ ಉಳಿದಿತ್ತು.

ನಾನು ಕೈಚಾಚಿದೆ. ಓಲಿವ್ ಬೇಡವೆಂದು ತಲೆಯಲ್ಲಾಡಿಸಿ, ತಾವೇ ಎರಡೂ ಕೈಯಿಂದ ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದರು. ಕೊಡೆಗಳೆಲ್ಲ ಹೋಗಿದ್ದವು. ಕಂದು ಕೋಟಿನ ಮುದುಕಿಯೊಬ್ಬರು ಪೆಟ್ಟಿಗೆ ಹಿಡಿದು ಬರ್ಮಿಂಗ್‌ಹ್ಯಾಮ್‌ನ ಮಳೆಯಲ್ಲಿ ನಿಂತಿದ್ದರು. ಕ್ಲೋಡೆಟ್ ಹುಡುಗಿಯ ಭುಜದ ಮೇಲಿನಿಂದ ಅವರನ್ನು ನೋಡಿದರು.

“ಇವ್ರು ಯಾರು? ಇವ್ರನ್ನ ಯಾರ್ ಕರ್ಕೊಂಡ್ ಹೋಗ್ತಾರೆ?”

“ಇವ್ರು ಓಲಿವ್,” ಎಂದಳು ಟೀಗನ್. “ನೀವು ಬರೋವರ್ಗೂ ನನ್ ಜೊತೆ ನಿಂತ್ಕೊಳ್ತೀನಿ ಅಂದ್ರು.”

ನನ್ನ ಕಾರಿನಲ್ಲಿ ಅವರನ್ನು ಈಗಲೇ ಹಳ್ಳಿಗೆ ಬಿಡುತ್ತೇನೆಂದು ಹೇಳತೊಡಗಿದೆ. ಆಗಲೇ ಕ್ಷಮೆ ಕೇಳಬೇಕೆಂದೂ ಮಾತು ಜೋಡಿಸಿಕೊಂಡಿದ್ದೆ. ಕ್ಲೋಡೆಟ್ ಎರಡನ್ನೂ ಕೇಳಿಸಿಕೊಳ್ಳಲಿಲ್ಲ. “ಆಮೇಲ್ ಬಿಡಿ ಮಿಸ್. ಒಲೆ ಮೇಲೆ ಅನ್ನ, ಕಾಳು, ಕೋಳಿ ಇದೆ. ನೆಂದ್ಕೊಂಡು ನಿಲ್ಲೋದ್ ಯಾಕೆ, ಬನ್ನಿ ಇಬ್ರೂ.” ಕ್ಷಮೆಯನ್ನು ಆ ರಾತ್ರಿಯೇ ಕಾಗದದಲ್ಲಿ ಬರೆದೆ. ಮನೆಗಳಿಗೆ ಕಳುಹಿಸುವ ಪತ್ರದಲ್ಲಿ ಮರುವರ್ಷದಿಂದ ಮೊದಲ ಸಾಲು “ಐದು ಗಂಟೆಗೆ ಮನೆಗೆ” ಎಂದಿದೆ.

ಮನೆ ಎರಡು ಬೀದಿಯಾಚೆ. ಓಲಿವ್ ನಿಧಾನವಾಗಿ ನಡೆದರು. ದಾರಿಯಲ್ಲಿ ಮನೆಗಳ ಸಂಖ್ಯೆಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಟೀಗನ್ ಮುಂದೆ ಓಡಿ ಬಾಗಿಲು ತೆರೆದಳು, ಹೊಸಿಲಿನ ಮೇಲೆ ನಿಂತಳು. ಮುದುಕಿಯ ಕೆಸರು ಮೆತ್ತಿದ ಬೂಟುಗಳನ್ನು ನೋಡಿದಳು, ಒಳಗಿನ ನೆಲವನ್ನು ನೋಡಿದಳು.

“ಕಾಲೊರಸ್ಕೊಂಡು ಒಳಗ್ ಬನ್ನಿ,” ಎಂದಳು. “ಇಲ್ಲಾಂದ್ರೆ ಆಂಟಿ ಕ್ಲೋ ನಿಮಗೂ ಬೈತಾರೆ.”

ಓಲಿವ್ ಬೆಡ್ಡೋಸ್ ಪೆಟ್ಟಿಗೆಯನ್ನು ಕೆಳಗಿಟ್ಟು, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಕಾಲು ಒರೆಸಿಕೊಂಡರು. ಮೊದಲು ಎಡಗಾಲು, ಬಳಿಕ ಬಲಗಾಲು. ಆಮೇಲೆ, ಸಾಲದೇನೋ ಎಂಬಂತೆ, ಇನ್ನೊಂದು ಸಲ.